ಮ್ಯಾನೇಜರ್ ಸಸ್ಪೆಂಡ್ ಆದ ಸೀಸನ್‌ನಲ್ಲಿ ನಮ್ಮ ಕ್ಲಬ್‌ನ ಮೆಂಬರ್‌ಶಿಪ್

ಐದಕ್ಕೆ ಎರಡು ಸ್ಟಾರ್. ಇದು ತಂಡಕ್ಕೆ ಕೊಟ್ಟದ್ದಲ್ಲ, ಮ್ಯಾನೇಜರ್‌ಗೂ (ತಂಡದ ಮುಖ್ಯ ಕೋಚ್‌ಗೂ) ಅಲ್ಲ. ನಮ್ಮ ಫುಟ್‌ಬಾಲ್ ಕ್ಲಬ್ ವರ್ಷಕ್ಕೊಮ್ಮೆ ನಮ್ಮಿಂದ ದುಡ್ಡು ತೆಗೆದುಕೊಂಡು ಕೊಡುವ ಮೆಂಬರ್‌ಶಿಪ್‌ಗೆ.

ಕ್ಲಬ್ ಹೆಸರು ಬರೆಯುತ್ತಿಲ್ಲ. ಮ್ಯಾನೇಜರ್ ಸಸ್ಪೆಂಡ್ ಆಗಿದ್ದಾರೆ, ಒಪ್ಪಂದದ ಜಗಳ ವಕೀಲರ ಕೈಗೆ ಹೋಗಿದೆ, ಆರೋಪ ಏನು ಅನ್ನುವುದು ಹೊರಗಿನ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಸರು ಹಿಡಿದು ಬರೆದರೆ ನಾಲ್ಕು ಜನ ಊಹೆಯನ್ನೇ ನಿಜ ಅಂದುಕೊಳ್ಳುತ್ತಾರೆ. ಮೆಂಬರ್‌ಶಿಪ್ ವಿಷಯ ಬೇರೆ. ಅದಕ್ಕೆ ದುಡ್ಡು ಕೊಟ್ಟಿದ್ದೇನೆ, ಬಳಸಿದ್ದೇನೆ, ಅದರ ಬಗ್ಗೆ ಹೇಳುವ ಹಕ್ಕಿದೆ. ಇಂಥದ್ದೇ ಸ್ಕೀಮ್ ಈಗ ಎಷ್ಟೋ ಕ್ಲಬ್‌ಗಳಲ್ಲಿದೆ, ತೆಗೆದುಕೊಳ್ಳೋಣವಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಟಿಕೆಟ್ ವಿಷಯದಲ್ಲಿ ದೂರಿಲ್ಲ. ಮೆಂಬರ್‌ಗಳಿಗೆ ಬುಕಿಂಗ್ ಮೊದಲೇ ತೆರೆಯುತ್ತದೆ, ಆ್ಯಪ್ ನಡುವೆ ಕೈಕೊಡುವುದಿಲ್ಲ, ಪಂದ್ಯಕ್ಕೆ ಹೋಗಲು ಆಗದಿದ್ದರೆ ಸೀಟನ್ನು ಇನ್ನೊಬ್ಬ ಮೆಂಬರ್‌ಗೆ ಬಿಟ್ಟುಕೊಡುವುದು ಸುಲಭ. ಜೂನಿಯರ್ ತಂಡದ ಪಂದ್ಯಗಳ ನೇರ ಪ್ರಸಾರ ಚೆನ್ನಾಗಿದೆ, ಕಾಮೆಂಟರಿ ಇಲ್ಲದಿದ್ದರೂ ಚಿತ್ರ ಸ್ಪಷ್ಟ. ಜರ್ಸಿಗೆ ರಿಯಾಯಿತಿ ಇದೆ, ನಾನು ಬಳಸಿಲ್ಲ. ಇಷ್ಟೇ ಬೇಕಾದವರಿಗೆ ಕಡಿಮೆ ಬೆಲೆಯ ಕೆಳಗಿನ ಪ್ಲಾನ್ ಸಾಕು.

ನಾನು ತೆಗೆದುಕೊಂಡಿದ್ದು ಅದಕ್ಕಿಂತ ದುಬಾರಿಯಾದ ಮೇಲಿನ ಪ್ಲಾನ್. ಅದಕ್ಕೆ ಮುಖ್ಯ ಕಾರಣ ಒಂದು ವಿಡಿಯೊ ಸರಣಿ. ಪಂದ್ಯ ಮುಗಿದು ಕೆಲವು ದಿನವಾದ ಮೇಲೆ ಮ್ಯಾನೇಜರ್ ಒಂದು ದೊಡ್ಡ ಸ್ಕ್ರೀನ್ ಮುಂದೆ ನಿಂತು ಒಂದೇ ಒಂದು ಗೋಲನ್ನು, ಇಲ್ಲವೇ ನಾವು ಬಿಟ್ಟುಕೊಟ್ಟ ಒಂದು ಗೋಲನ್ನು, ಬಿಡಿಸಿ ತೋರಿಸುತ್ತಿದ್ದರು. ಚೆಂಡು ಇರುವ ಜಾಗ ನೋಡಬೇಡಿ, ನಮ್ಮ ಎಡಗಡೆಯ ಡಿಫೆಂಡರ್ ಎಲ್ಲಿದ್ದಾನೆ ನೋಡಿ ಅನ್ನುತ್ತಿದ್ದರು. ಅವನು ಮಧ್ಯಕ್ಕೆ ಬಂದಾಗ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವನು) ಯಾಕೆ ಗೆರೆಗೆ ಅಂಟಿಕೊಂಡು ನಿಲ್ಲಬೇಕು, ಅವನು ಎರಡು ಹೆಜ್ಜೆ ಒಳಗೆ ಬಂದರೆ ಎದುರಾಳಿಗೆ ಎಷ್ಟು ಸುಲಭವಾಗುತ್ತದೆ, ಇದನ್ನೆಲ್ಲ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದರು. ಟಿವಿಯಲ್ಲಿ ಯಾರೂ ಅಷ್ಟು ತಾಳ್ಮೆಯಿಂದ ಹೇಳುವುದಿಲ್ಲ. ಆ ಸರಣಿ ನೋಡಿದ ಮೇಲೆ ನಾನು ಪಂದ್ಯ ನೋಡುವ ರೀತಿಯೇ ಬದಲಾಯಿತು.

ಇನ್ನೊಂದು ಕಾರಣ, ತಿಂಗಳಿಗೊಮ್ಮೆ ನಡೆಯುವ ಆನ್‌ಲೈನ್ ಸಭೆ. ಕ್ಲಬ್‌ನ ದೊಡ್ಡವರು ಬಂದು ಮೆಂಬರ್‌ಗಳ ಪ್ರಶ್ನೆಗೆ ಉತ್ತರ ಕೊಡುತ್ತಾರೆ ಅಂತ ಪ್ಲಾನ್‌ನ ವಿವರದಲ್ಲೇ ಬರೆದಿದ್ದಾರೆ. ಸುದ್ದಿ ಎಲ್ಲರಿಗಿಂತ ಮೊದಲು ಮೆಂಬರ್‌ಗಳಿಗೆ ತಲುಪುತ್ತದೆ ಅಂತಲೂ ಬರೆದಿದ್ದಾರೆ. ಈ ಎರಡು ಮಾತು ನೆನಪಿಡಿ.

ಸಸ್ಪೆನ್ಷನ್ ಸುದ್ದಿ ನನಗೆ ಗೊತ್ತಾಗಿದ್ದು ಟಿವಿಯಿಂದ. ಮೆಂಬರ್‌ಗಳ ಇಮೇಲ್ ಬಂದಾಗ ಊರಿಗೆಲ್ಲ ಗೊತ್ತಾಗಿತ್ತು. ಅದರಲ್ಲಿದ್ದದ್ದು ಮೂರು ಸಾಲು: ಮ್ಯಾನೇಜರ್ ಅವರನ್ನು ಆಂತರಿಕ ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇರಿಸಲಾಗಿದೆ, ಸಹಾಯಕ ಕೋಚ್ ತಂಡ ನೋಡಿಕೊಳ್ಳುತ್ತಾರೆ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯನ್ನೇ ಮೇಲೊಂದು "ಪ್ರಿಯ ಮೆಂಬರ್" ಸೇರಿಸಿ ಕಳಿಸಿದ್ದರು. ಅದೇ ವಾರ ಹೊಸ ಮೆಂಬರ್ ಆಗಿ ಸೇರಿದ್ದ ನನ್ನ ಗೆಳೆಯನಿಗೆ ಅಂಚೆಯಲ್ಲಿ ಕಾರ್ಡು ಬಂತು. ಜೊತೆಗೆ ಸ್ವಾಗತ ಪತ್ರ. ಕೆಳಗೆ ಸಸ್ಪೆಂಡ್ ಆದ ಮ್ಯಾನೇಜರ್ ಸಹಿ. ಈ ಸೀಸನ್ ಪೂರ್ತಿ ನಾನು ನಿಮ್ಮ ಜೊತೆ ಇರುತ್ತೇನೆ ಅನ್ನುವ ಸಾಲು ಬೇರೆ. ಅವನು ಫೋಟೊ ತೆಗೆದು ಕಳಿಸಿದ. ನನಗೆ ನಿಜಕ್ಕೂ ಬೇಜಾರಾಯಿತು. ಹೊಸದಾಗಿ ಸೇರಿದವರಿಗೆ ಇಂಥ ಪತ್ರ ಹೋಗುತ್ತಿದೆ ಅಂತ ನೋಡುವವರೂ ಅಲ್ಲಿ ಇರಲಿಲ್ಲ.

ಆಮೇಲೆ ಶುರುವಾಯಿತು ವಾದ. ಪಂದ್ಯ ನೋಡಲು ಸೇರಿದಾಗ, ಫೋನಿನಲ್ಲಿ, ಎಲ್ಲ ಕಡೆ ಇದೇ ಮಾತು. ಒಂದು ಪಕ್ಷದವರು, "ಸಸ್ಪೆಂಡ್ ಮಾಡಿದ್ದಾರೆ ಅಂದ್ಮೇಲೆ ಏನೋ ಇದ್ದೇ ಇರುತ್ತೆ ಗುರು, ಬೆಂಕಿ ಇಲ್ಲದೆ ಹೊಗೆ ಬರುತ್ತಾ" ಅಂದರು. ಇನ್ನೊಂದು ಪಕ್ಷದವರು, "ಒಪ್ಪಂದ ಇನ್ನೂ ಬಾಕಿ ಇದೆ, ತೆಗೆದುಹಾಕಿದರೆ ಪೂರ್ತಿ ಸಂಬಳ ಕೊಡಬೇಕು, ಅದನ್ನು ತಪ್ಪಿಸೋಕೆ ಕಾರಣ ಹುಡುಕುತ್ತಿದ್ದಾರೆ" ಅಂದರು. ನಮ್ಮ ಪೈಕಿ ವಯಸ್ಸಾದ ಒಬ್ಬರಿದ್ದಾರೆ, ಕ್ಲಬ್ ಕೆಳಗಿನ ಡಿವಿಷನ್‌ನಲ್ಲಿದ್ದಾಗಿನಿಂದ ನೋಡಿದವರು. "ಅವರಿಗೆ ಕೊಡಬೇಕಾದ್ದು ಕೊಟ್ಟು ಕಳಿಸಿಬಿಡಿ ಮಾರಾಯ್ರೆ, ಪಾಯಿಂಟ್ಸ್ ಟೇಬಲ್ ನೋಡಿ" ಅನ್ನುವುದು ಅವರ ಒಂದೇ ಮಾತು. ಸಂಬಳ ನಿಂತಿದೆ ಅಂತ ಒಬ್ಬ ಹೇಳಿದರೆ, ಇಲ್ಲ, ಆಗಲೇ ರಾಜೀನಾಮೆ ಕೊಟ್ಟಾಗಿದೆ ಅಂತ ಇನ್ನೊಬ್ಬ. ಯಾರ ಹತ್ತಿರವೂ ಆಧಾರ ಇರಲಿಲ್ಲ. ವರ್ಷಗಟ್ಟಲೆ ಒಟ್ಟಿಗೆ ಪಂದ್ಯ ನೋಡಿದವರು ಮಾತು ಬಿಡುವ ಮಟ್ಟಕ್ಕೆ ಹೋಯಿತು.

ನನ್ನ ಸಿಟ್ಟು ಇರುವುದು ಇಲ್ಲಿ. ಆ ವಾದದಲ್ಲಿ ಅರ್ಧ ಭಾಗ ಆರೋಪದ ಬಗ್ಗೆ ಆಗಿರಲೇ ಇಲ್ಲ. ಸಸ್ಪೆನ್ಷನ್ ಅಂದರೇನು, ಒಪ್ಪಂದ ಇನ್ನೂ ಜಾರಿಯಲ್ಲಿದೆಯಾ, ಸಂಬಳ ಹೋಗುತ್ತಿದೆಯಾ, ಮುಂದೆ ಯಾರು ತೀರ್ಮಾನ ಮಾಡುತ್ತಾರೆ, ಇಷ್ಟೇ. ಇದನ್ನು ಹೇಳಿದರೆ ಯಾರ ಗುಟ್ಟೂ ಬಯಲಾಗುವುದಿಲ್ಲ. ಕ್ಲಬ್ ಹೇಳಲಿಲ್ಲ. ಹಾಗಾಗಿ ನಾನು ಓದಿ ತಿಳಿದುಕೊಂಡಿದ್ದನ್ನು ಸ್ವಲ್ಪ ಬರೆಯುತ್ತೇನೆ, ಮೆಂಬರ್‌ಗಳಿಗೆ ಎಂಥ ಮಾಹಿತಿ ಬೇಕಿತ್ತು ಅನ್ನುವುದು ಅದರಿಂದ ಅರ್ಥವಾಗುತ್ತದೆ.

ಸಸ್ಪೆಂಡ್ ಮಾಡುವುದು ಅಂದರೆ ಕೆಲಸದಿಂದ ತೆಗೆಯುವುದಲ್ಲ. ಒಪ್ಪಂದ ಜೀವಂತ ಇರುತ್ತದೆ. ಸಾಮಾನ್ಯವಾಗಿ ಸಂಬಳವೂ ಹೋಗುತ್ತಿರುತ್ತದೆ. ಮ್ಯಾನೇಜರ್ ಮೈದಾನಕ್ಕೆ ಬರುವಂತಿಲ್ಲ, ಆಟಗಾರರ ಜೊತೆ ಮಾತಾಡುವಂತಿಲ್ಲ, ಆದರೆ ಬೇರೆ ಕ್ಲಬ್ ಸೇರುವಂತೆಯೂ ಇಲ್ಲ. ವಿಚಾರಣೆ ನಡೆಯುವಾಗ ದೂರ ಇರಲಿ ಅನ್ನುವುದಷ್ಟೇ ಉದ್ದೇಶ, ಅದು ಶಿಕ್ಷೆ ಆಗಬಾರದು. ಇಂಗ್ಲೆಂಡಿನ ಉದ್ಯೋಗ ಕಾನೂನಿನಲ್ಲೂ ಇದೇ ದೃಷ್ಟಿ. ಕಾರಣ ಇಲ್ಲದೆ ಸುಮ್ನೆ ಸಸ್ಪೆಂಡ್ ಮಾಡಿ ಎಳೆದಾಡಿದರೆ ಕ್ಲಬ್ಬೇ ಒಪ್ಪಂದ ಮುರಿದಿದೆ ಅಂತ ಮ್ಯಾನೇಜರ್ ವಾದ ಹೂಡಬಹುದು.

ಇನ್ನು ಫೆಡರೇಶನ್ ಹಾಕುವ ನಿಷೇಧ ಬೇರೆ, ಕ್ಲಬ್ ಮಾಡುವ ಸಸ್ಪೆನ್ಷನ್ ಬೇರೆ. ಇದನ್ನೂ ಬಹಳ ಜನ ಕಲಸುತ್ತಿದ್ದರು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಎಫ್‌ಸಿ ವಿರುದ್ಧದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್‌ನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಎದುರಾಳಿ ಸಿದ್ಧವಾಗುವ ಮುನ್ನವೇ ಹೊಡೆದ ಫ್ರೀಕಿಕ್ ಗೋಲಾದಾಗ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೋಯಿತಲ್ಲ, ಆಗ ಕೋಚ್ ಇವಾನ್ ವುಕೊಮನೊವಿಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ರೂಪಾಯಿ ದಂಡ ಹಾಕಿದ್ದು ಎಐಎಫ್‌ಎಫ್, ಅಂದರೆ ಭಾರತದ ಫುಟ್‌ಬಾಲ್ ಫೆಡರೇಶನ್. ಕ್ಲಬ್‌ಗೆ 4 ಕೋಟಿ ದಂಡ. ಕೋಚ್ ಡಗೌಟ್‌ನಲ್ಲಿ (ಮೈದಾನದ ಪಕ್ಕದ ತಂಡದ ಬೆಂಚಿನಲ್ಲಿ) ಕೂರಲಿಲ್ಲ ಅಷ್ಟೇ, ಕ್ಲಬ್‌ನ ಕೋಚ್ ಆಗಿಯೇ ಉಳಿದರು. ನಮ್ಮಲ್ಲಿ ಆದದ್ದು ಅದಲ್ಲ. ಇಲ್ಲಿ ದೂರ ಇಟ್ಟಿರುವುದು ಸಂಬಳ ಕೊಡುವ ಕ್ಲಬ್ಬೇ.

ತೆಗೆದುಹಾಕದೆ ಸಸ್ಪೆಂಡ್ ಯಾಕೆ ಮಾಡುತ್ತಾರೆ? ಲೆಕ್ಕ ನೇರವಾಗಿದೆ. ಸೋತಿದ್ದಕ್ಕೆ ತೆಗೆದರೆ ಉಳಿದ ಅವಧಿಯ ಸಂಬಳವನ್ನೋ, ಒಪ್ಪಂದದಲ್ಲಿ ಮೊದಲೇ ಬರೆದ ಮೊತ್ತವನ್ನೋ ಕೊಡಬೇಕು. ಗಂಭೀರ ದುರ್ನಡತೆ ಸಾಬೀತಾದರೆ ಪರಿಹಾರ ಇಲ್ಲದೆ ಕಳಿಸಬಹುದು. ಆ ಎರಡರ ನಡುವಿನ ಹಣ ದೊಡ್ಡದು. ಜಗಳ ಇರುವುದೆಲ್ಲ ಆ ಹಣದ ಸುತ್ತ. ಹಾಗಂತ ಪ್ರತಿ ಸಸ್ಪೆನ್ಷನ್ನೂ ದುಡ್ಡು ಉಳಿಸುವ ಆಟ ಅಂತ ನಾನು ಹೇಳುವುದಿಲ್ಲ. ಕ್ಲಬ್‌ನಲ್ಲಿ ಕೆಲಸ ಮಾಡುವ ಯಾರೋ ದೂರು ಕೊಟ್ಟಿದ್ದರೆ, ಆ ದೂರನ್ನು ಕೇಳುವುದು ಕ್ಲಬ್‌ನ ಕರ್ತವ್ಯ. ದೂರು ಕೊಟ್ಟವರ ಹೆಸರು ಹೊರಗೆ ಬರಬಾರದು, ಅದರಲ್ಲಿ ಎರಡು ಮಾತಿಲ್ಲ.

ಮ್ಯಾನೇಜರ್ ಪಕ್ಷದವರು ಪದೇ ಪದೇ ತೆಗೆಯುತ್ತಿದ್ದ ಹೆಸರು ಕೆವಿನ್ ಕೀಗನ್. ಆ ಪ್ರಕರಣ ತಿಳಿದುಕೊಳ್ಳಲೇಬೇಕು. 2008ರ ಜನವರಿಯಲ್ಲಿ ಅವರು ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್‌ಗೆ ಮ್ಯಾನೇಜರ್ ಆಗಿ ಮರಳಿ ಬಂದರು, ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಜಗಳ ಇದ್ದದ್ದು ಯಾವ ಆಟಗಾರ ಬರಬೇಕು ಅನ್ನುವುದನ್ನು ಕೊನೆಗೆ ಯಾರು ತೀರ್ಮಾನಿಸಬೇಕು ಅನ್ನುವುದರಲ್ಲಿ. ಕ್ಲಬ್‌ನ ಫುಟ್‌ಬಾಲ್ ನಿರ್ದೇಶಕರಾಗಿದ್ದ ಡೆನಿಸ್ ವೈಸ್, ಉರುಗ್ವೆಯ ಇಗ್ನಾಸಿಯೊ ಗೊನ್ಸಾಲೆಸ್ ಅನ್ನುವ ಆಟಗಾರನ ಬಗ್ಗೆ ಹೇಳಿ, ಯೂಟ್ಯೂಬ್‌ನಲ್ಲಿ ನೋಡಿ ಅಂದರು. ಕೀಗನ್ ನೋಡಿದರು, ಬೇಡ ಅಂದರು. ಆದರೂ ಸ್ಪೇನಿನ ವೆಲೆನ್ಸಿಯಾ ಕ್ಲಬ್‌ನಿಂದ ಲೋನ್ ಮೇಲೆ (ಸ್ವಲ್ಪ ಕಾಲಕ್ಕೆ ಎರವಲಾಗಿ) ಅವನನ್ನು ತಂದರು. ದಕ್ಷಿಣ ಅಮೆರಿಕದ ಇಬ್ಬರು ಏಜೆಂಟರಿಗೆ ಉಪಕಾರ ಮಾಡಲು ತಂದದ್ದು ಅಂತ ವಿಚಾರಣೆಯಲ್ಲಿ ಹೊರಬಂತು. ಮೊದಲ ತಂಡದಲ್ಲಿ ಆಡಿಸುವ ಉದ್ದೇಶವೇ ಇರಲಿಲ್ಲವಂತೆ. 2009ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನ ಮ್ಯಾನೇಜರ್‌ಗಳ ಮಧ್ಯಸ್ಥಿಕೆ ಟ್ರಿಬ್ಯುನಲ್ (ಒಪ್ಪಂದದ ಜಗಳ ತೀರ್ಮಾನಿಸುವ ಮಂಡಳಿ) ಕೀಗನ್ ಪರ ತೀರ್ಪು ಕೊಟ್ಟಿತು. ತಾವಾಗಿ ರಾಜೀನಾಮೆ ಕೊಟ್ಟರೂ, ಒಪ್ಪಂದ ಮುರಿದು ಹೊರಗೆ ತಳ್ಳಿದ್ದು ಕ್ಲಬ್ಬೇ ಅಂತ ಹೇಳಿತು. ಸಿಕ್ಕಿದ್ದು 20 ಲಕ್ಷ ಪೌಂಡ್ ಮತ್ತು ಬಡ್ಡಿ. ಅವರು ಕೇಳಿದ್ದು ಅದಕ್ಕಿಂತ ಬಹಳ ಜಾಸ್ತಿ, ಆದರೆ 20 ಲಕ್ಷದ ಮಿತಿ ಒಪ್ಪಂದದಲ್ಲೇ ಇತ್ತು.

ನನಗೆ ಆ ತೀರ್ಪಿನಲ್ಲಿ ಎಲ್ಲಕ್ಕಿಂತ ನಾಟಿದ್ದು ಬೇರೆ. ಆಟಗಾರರ ವಿಷಯದಲ್ಲಿ ಕೊನೆಯ ಮಾತು ಕೀಗನ್ ಅವರದೇ ಅಂತ ಕ್ಲಬ್ ಹೊರಗೆ ಹೇಳಿಕೆ ಕೊಟ್ಟಿತ್ತು. ವಿಚಾರಣೆಯಲ್ಲಿ, ಅವು ನಿಜವಲ್ಲ, ಪ್ರಚಾರಕ್ಕೆ ಹೇಳಿದ್ದು ಅಂತ ಕ್ಲಬ್ಬೇ ಒಪ್ಪಿಕೊಂಡಿತು. ಅಂದರೆ ಅಭಿಮಾನಿಗಳಿಗೆ ಹೇಳಿದ್ದು ಒಂದು, ಒಳಗೆ ನಡೆದದ್ದು ಇನ್ನೊಂದು. ಕೀಗನ್ ಬಿಟ್ಟುಹೋದ ಆ ವಾರದಲ್ಲೇ ಇನ್ನೊಬ್ಬ ಮ್ಯಾನೇಜರ್ ಅಲನ್ ಕರ್ಬಿಶ್ಲಿ ಕೂಡ ವೆಸ್ಟ್ ಹ್ಯಾಮ್ ಕ್ಲಬ್ ಬಿಟ್ಟರು. ಯಾರನ್ನು ಮಾರಬೇಕು ಅನ್ನುವುದರಲ್ಲಿ ಕೊನೆಯ ಮಾತು ತನ್ನದು ಅಂತ ಅವರ ಒಪ್ಪಂದದಲ್ಲಿತ್ತು. ಅದನ್ನು ಮೀರಿ ಕ್ಲಬ್ ಆಟಗಾರರನ್ನು ಮಾರಿತು, 2009ರ ನವೆಂಬರ್‌ನಲ್ಲಿ ಅವರೂ ಗೆದ್ದರು. ಮ್ಯಾನೇಜರ್ ಪಕ್ಷದವರು ಇವೆರಡನ್ನು ಹಿಡಿದು ಮಾತಾಡಿದರೆ ನನಗೆ ತಪ್ಪು ಅನಿಸುವುದಿಲ್ಲ.

ಚೆಲ್ಸಿ ಕ್ಲಬ್‌ನ ಮ್ಯಾನೇಜರ್ ಆಗಿದ್ದ ಆಂಟೊನಿಯೊ ಕಾಂಟೆ ಅವರ ವಿಷಯದಲ್ಲಿ ಕ್ಲಬ್ ಹಟಕ್ಕೆ ಬಿದ್ದು ಇನ್ನೂ ಜಾಸ್ತಿ ಕಳೆದುಕೊಂಡಿತು. 2017ರಲ್ಲಿ ಚೆಲ್ಸಿಗೆ ಪ್ರೀಮಿಯರ್ ಲೀಗ್, 2018ರ ಮೇನಲ್ಲಿ ಎಫ್‌ಎ ಕಪ್ ಗೆದ್ದುಕೊಟ್ಟಿದ್ದರು. ಆದರೂ ಹೋಗುವುದು ಖಚಿತ ಅಂತ ಎಲ್ಲರಿಗೂ ಗೊತ್ತಿತ್ತು. ಜುಲೈನಲ್ಲಿ ಹೊಸ ಸೀಸನ್ ತರಬೇತಿ ಶುರುವಾದಾಗ ಅವರೇ ಬಂದು ಆಟಗಾರರಿಗೆ ಅಭ್ಯಾಸ ಮಾಡಿಸಿದರು. ಒಪ್ಪಂದ ಇದೆ, ನಾನು ಕೆಲಸಕ್ಕೆ ಬಂದಿದ್ದೇನೆ, ಅಷ್ಟೇ. ಅವರ ಜಾಗಕ್ಕೆ ಬರಬೇಕಿದ್ದ ಮೌರಿಸಿಯೊ ಸಾರಿ ಅದೇ ಹೊತ್ತಿನಲ್ಲಿ ಇಟಲಿಯ ನಾಪೊಲಿ ಕ್ಲಬ್‌ನ ಒಪ್ಪಂದದಲ್ಲಿ ಸಿಕ್ಕಿಕೊಂಡಿದ್ದರು, ನಾಪೊಲಿ ಆಗಲೇ ಕಾರ್ಲೊ ಆಂಚೆಲೊಟ್ಟಿ ಅವರನ್ನು ನೇಮಿಸಿದ್ದರೂ! ಜುಲೈ ಮಧ್ಯದಲ್ಲಿ ಕಾಂಟೆ ಅವರನ್ನು ತೆಗೆದರು, ಪರಿಹಾರದ ಜಗಳ ಟ್ರಿಬ್ಯುನಲ್‌ಗೆ ಹೋಯಿತು, ಮುಂದಿನ ವರ್ಷ ತೀರ್ಪು ಕಾಂಟೆ ಪರ ಬಂತು. ಅವರನ್ನೂ ಅವರ ಸಹಾಯಕರನ್ನೂ ಕಳಿಸಿದ್ದಕ್ಕೆ, ಕಾನೂನು ಖರ್ಚು ಸೇರಿ, 2.66 ಕೋಟಿ ಪೌಂಡ್ ಹೋಯಿತು ಅಂತ ಚೆಲ್ಸಿಯ ಲೆಕ್ಕಪತ್ರವೇ ತೋರಿಸಿತು.

ಕ್ಲಬ್ ಪಕ್ಷದವರ ಕೈಯಲ್ಲೂ ಗಟ್ಟಿ ಉದಾಹರಣೆ ಇದೆ. ಮ್ಯಾನೇಜರ್ ಟೋನಿ ಪ್ಯುಲಿಸ್ 2014ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ತಂಡವನ್ನು ಕೆಳಗಿನ ಲೀಗ್‌ಗೆ ಜಾರದಂತೆ ಪ್ರೀಮಿಯರ್ ಲೀಗ್‌ನಲ್ಲಿ ಉಳಿಸಿದರು. ಅದಕ್ಕೆ 20 ಲಕ್ಷ ಪೌಂಡ್ ಬೋನಸ್, ಆದರೆ ಆಗಸ್ಟ್ 31ರ ತನಕ ಕ್ಲಬ್‌ನಲ್ಲೇ ಇರಬೇಕು ಅನ್ನುವ ಷರತ್ತು. ಮಕ್ಕಳಿಗೆ ಜಮೀನು ತೆಗೆದುಕೊಳ್ಳಬೇಕು, ದುಡ್ಡು ತುರ್ತಾಗಿ ಬೇಕು ಅಂತ ಕೇಳಿ ಆಗಸ್ಟ್ 12ಕ್ಕೇ ಪಡೆದರು. 14ಕ್ಕೆ ಕ್ಲಬ್ ಬಿಟ್ಟರು, ಸೀಸನ್ ಶುರುವಾಗಲು ಎರಡು ದಿನ ಇದ್ದಾಗ. ಟ್ರಿಬ್ಯುನಲ್ ಅವರ ಮಾತನ್ನು ನಂಬಲಿಲ್ಲ, 37 ಲಕ್ಷ ಪೌಂಡ್‌ಗೂ ಜಾಸ್ತಿ ಕ್ಲಬ್‌ಗೆ ಕಟ್ಟಬೇಕು ಅಂತ ಹೇಳಿತು. 2016ರಲ್ಲಿ ಹೈಕೋರ್ಟ್‌ನಲ್ಲೂ ಅವರು ಸೋತರು. ಮ್ಯಾನೇಜರ್ ಯಾವಾಗಲೂ ಪಾಪದವರು, ಕ್ಲಬ್ ಯಾವಾಗಲೂ ಕಳ್ಳ ಅನ್ನುವವರು ಇದನ್ನೊಮ್ಮೆ ಓದಬೇಕು.

ಕೀಗನ್, ಕರ್ಬಿಶ್ಲಿ, ಪ್ಯುಲಿಸ್, ಮೂವರ ಗತಿಯನ್ನೂ ನಿರ್ಧರಿಸಿದ್ದು ಒಪ್ಪಂದದ ಒಂದೊಂದು ಸಾಲು. ಅಭಿಮಾನಿಗಳ ಪ್ರೀತಿ, ಪಾಯಿಂಟ್ಸ್ ಟೇಬಲ್, ಯಾವುದೂ ಅಲ್ಲ. ಹಾಗಾಗಿ ನಮ್ಮ ಮ್ಯಾನೇಜರ್ ವಿಷಯದಲ್ಲಿ ನನ್ನ ನಿಲುವು ಇಷ್ಟೇ: ವಿಚಾರಣೆ ಸರಿಯಾಗಿ ನಡೆಯಲಿ, ತಪ್ಪು ಸಾಬೀತಾದರೆ ಹೋಗಲಿ, ಸಾಬೀತಾಗದಿದ್ದರೆ ಒಪ್ಪಂದದಲ್ಲಿರುವುದನ್ನು ಪೂರ್ತಿ ಕೊಡಲಿ. ನನಗೆ ಅವರ ಫುಟ್‌ಬಾಲ್ ಇಷ್ಟ. ಆದರೆ ಇಷ್ಟ ಅನ್ನುವುದು ಸಾಕ್ಷಿ ಅಲ್ಲ ಅಲ್ವಾ.

ಈಗ ಆ ತಿಂಗಳ ಮೆಂಬರ್‌ಗಳ ಸಭೆಗೆ ಬರುತ್ತೇನೆ. ಎರಡು ಸ್ಟಾರ್‌ಗೆ ಇಳಿಯಲು ಮುಖ್ಯ ಕಾರಣ ಇದೇ. ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಬೇಕು. ನಾನು ಕಳಿಸಿದ್ದು ಒಂದೇ ಸಾಲು: "ಸಸ್ಪೆಂಡ್ ಆಗಿರುವ ಅವಧಿಯಲ್ಲಿ ಮ್ಯಾನೇಜರ್‌ಗೆ ಸಂಬಳ ಹೋಗುತ್ತಿದೆಯೇ?" ಸಭೆಯಲ್ಲಿ ನನ್ನ ಹೆಸರು ಓದಿದರು. ಆಮೇಲೆ ಓದಿದ ಪ್ರಶ್ನೆ: "ಈ ಕಷ್ಟದ ಸಮಯದಲ್ಲಿ ತಂಡದ ಉತ್ಸಾಹ ಹೇಗಿದೆ?" ನಾನು ಕೇಳಿರದ ಪ್ರಶ್ನೆ, ನನ್ನ ಹೆಸರಿನಲ್ಲಿ. ಉತ್ಸಾಹ ತುಂಬಾ ಚೆನ್ನಾಗಿದೆ ಅಂತ ಉತ್ತರವೂ ಬಂತು. ಮಾತಾಡೋಣ ಅಂದರೆ ಮೈಕ್ ನಮ್ಮ ಕೈಯಲ್ಲಿಲ್ಲ, ಚಾಟ್ ಮುಚ್ಚಿದ್ದರು. ಉತ್ತರ ಕೊಡುವುದಿಲ್ಲ ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ವಕೀಲರು ಬೇಡ ಅಂದಿದ್ದಾರೆ ಅಂದಿದ್ದರೂ ಸರಿ. ನನ್ನ ಹೆಸರಿಗೆ ಬೇರೆ ಮಾತು ಅಂಟಿಸಿದ್ದನ್ನು ಒಪ್ಪಲಾರೆ. ಆಮೇಲೆ ವಿಚಾರಿಸಿದಾಗ ಇನ್ನೂ ಕೆಲವರಿಗೆ ಹೀಗೇ ಆಗಿತ್ತು.

ಕ್ಲಬ್‌ಗೆ ಕಾನೂನಿನ ಕಷ್ಟ ಇರುತ್ತದೆ, ಒಪ್ಪುತ್ತೇನೆ. ವಿಚಾರಣೆ ನಡೆಯುವಾಗ ಬಾಯಿ ತಪ್ಪಿ ಒಂದು ಮಾತಾಡಿದರೆ ನಾಳೆ ಟ್ರಿಬ್ಯುನಲ್‌ನಲ್ಲಿ ಅದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಸಂಬಳ ಸಹಿತ ಸಸ್ಪೆನ್ಷನ್ ಅಂತ ಮೂರು ಪದ ಹೇಳಲು ಏನು ಅಡ್ಡಿ? ವಿಚಾರಣೆ ಮಾಡುತ್ತಿರುವವರು ಕ್ಲಬ್ ಒಳಗಿನವರಾ ಹೊರಗಿನವರಾ ಅಂತ ಹೇಳಬಹುದಿತ್ತು. ಜನವರಿಯಲ್ಲಿ ಆಟಗಾರರನ್ನು ಕೊಳ್ಳುವ, ಮಾರುವ ಟ್ರಾನ್ಸ್‌ಫರ್‌ನಲ್ಲಿ ಯಾರ ಮಾತು ನಡೆಯುತ್ತದೆ ಅಂತ ಹೇಳಬಹುದಿತ್ತು, ಇದು ನೇರವಾಗಿ ತಂಡದ ವಿಷಯ. ಮುಂದಿನ ಸುದ್ದಿ ಯಾವಾಗ ಕೊಡುತ್ತೇವೆ ಅಂತ ಒಂದು ದಿನಾಂಕ ಹೇಳಬಹುದಿತ್ತು, ಆ ದಿನ ಹೇಳಲು ಏನೂ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಬಹುದಿತ್ತು. ಇಷ್ಟು ಮಾಡಿದ್ದರೆ ನಮ್ಮ ನಡುವಿನ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ದುಡ್ಡಿನ ಪ್ರಶ್ನೆಯನ್ನು ಅಭಿಮಾನಿಗಳು ಯಾಕೆ ಕೇಳಬೇಕು ಅಂತ ಕೆಲವರು ಕೇಳಿದರು. ಕೇಳಲೇಬೇಕು, ಯಾಕೆಂದರೆ ಕೊನೆಗೆ ಆ ದುಡ್ಡು ಆಟದಿಂದಲೇ ಹೋಗುತ್ತದೆ. ಭಾರತ ತಂಡದ ಕೋಚ್ ಇಗೊರ್ ಸ್ಟಿಮಾಕ್ ವಿಷಯ ನೋಡಿ. 2023ರ ಅಕ್ಟೋಬರ್‌ನಲ್ಲಿ ಒಪ್ಪಂದವನ್ನು 2026ರ ತನಕ ವಿಸ್ತರಿಸಿದರು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮುಂದೆ ಹೋಗಲು ಆಗಲಿಲ್ಲ ಅಂತ 2024ರ ಜೂನ್‌ನಲ್ಲಿ ತೆಗೆದರು. ಬಾಕಿ ಕೊಡದಿದ್ದರೆ ಫಿಫಾಕ್ಕೆ ಹೋಗುತ್ತೇನೆ ಅಂತ ಅವರು ಎಚ್ಚರಿಸಿದರು. ಕೊನೆಗೆ 4 ಲಕ್ಷ ಡಾಲರ್‌ಗೆ ರಾಜಿ ಆಯಿತು. ಜೂನಿಯರ್ ತಂಡಗಳಿಗೆ, ತರಬೇತಿಗೆ ಹೋಗಬಹುದಾಗಿದ್ದ ಹಣ ಅದು. ವಿದೇಶಿ ಕೋಚ್‌ಗಳಿಗೆ ಈಗ ಫಿಫಾ ನಿಯಮ ಗಟ್ಟಿಯಾಗಿದೆ. 2021ರಿಂದ ಕೋಚ್‌ಗಳ ಒಪ್ಪಂದಕ್ಕೂ ಪ್ರತ್ಯೇಕ ನಿಯಮಗಳಿವೆ: ಸರಿಯಾದ ಕಾರಣವಿಲ್ಲದೆ ತೆಗೆದರೆ ಉಳಿದ ಅವಧಿಯ ಮೌಲ್ಯದ ಮೇಲೆ ಪರಿಹಾರ, ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿದರೆ ಆ ಸಂಬಳವನ್ನು ಅದರಲ್ಲಿ ಕಳೆಯುತ್ತಾರೆ. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, 15 ದಿನದ ನೋಟಿಸ್ ಕೊಟ್ಟು ಕೋಚ್ ತಾನೇ ಒಪ್ಪಂದ ಮುರಿಯಬಹುದು. ಇದೆಲ್ಲ ಬಹಿರಂಗ ನಿಯಮ. ಕ್ಲಬ್ ಇದನ್ನು ಒಂದು ಪುಟದಲ್ಲಿ ಬರೆದು ಮೆಂಬರ್‌ಗಳಿಗೆ ಕಳಿಸಿದ್ದರೆ ಯಾರೂ ಕೇಸ್ ಹಾಕುತ್ತಿರಲಿಲ್ಲ.

ಇನ್ನು ವಿಡಿಯೊ ಸರಣಿ. ಸಸ್ಪೆನ್ಷನ್ ಆದ ಕೆಲವೇ ದಿನಕ್ಕೆ ಆ್ಯಪ್‌ನಿಂದ ಪೂರ್ತಿ ಮಾಯ. ಹೊಸದು ಬರುವುದಿಲ್ಲ ಅನ್ನುವುದು ಗೊತ್ತಿತ್ತು. ಹಳೆಯದನ್ನೂ ತೆಗೆದರು. ಆ ಜಾಗದಲ್ಲಿ ಆಟಗಾರರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೆನಾಲ್ಟಿ ಹೊಡೆಯುವ ವಿಡಿಯೊ ಹಾಕಿದ್ದಾರೆ. ಕಸ್ಟಮರ್ ಕೇರ್‌ಗೆ ಬರೆದೆ. ಮಾತಾಡಿದವರು ಬಹಳ ಮರ್ಯಾದೆಯಿಂದ ಮಾತಾಡಿದರು, ಅವರ ಮೇಲೆ ದೂರಿಲ್ಲ, ಅವರಿಗೂ ಮೇಲಿನಿಂದ ಏನೂ ತಿಳಿಸಿರಲಿಲ್ಲ ಅನ್ನುವುದು ಮಾತಿನಲ್ಲೇ ಗೊತ್ತಾಗುತ್ತಿತ್ತು. ವಿಡಿಯೊಗಳು ಯಾವಾಗ ಬೇಕಾದರೂ ಬದಲಾಗಬಹುದು ಅಂತ ನಿಯಮದಲ್ಲಿದೆ ಸರ್, ಹಾಗಾಗಿ ದುಡ್ಡು ವಾಪಸ್ ಆಗುವುದಿಲ್ಲ ಅಂದರು. ಹುಡುಕಿದೆ. ಆ ಸಾಲು ಇದೆ, ತುಂಬಾ ಕೆಳಗೆ. ನಿಯಮದ ಪ್ರಕಾರ ಅವರು ಸರಿ. ಆದರೆ ಪ್ಲಾನ್ ಮಾರುವ ಪುಟದಲ್ಲಿ ಆ ಸರಣಿಯ ಚಿತ್ರ ಇನ್ನೂ ಹಾಗೇ ಇದೆ, ಮ್ಯಾನೇಜರ್ ಸ್ಕ್ರೀನ್‌ಗೆ ಬೆರಳು ತೋರಿಸುತ್ತಿರುವುದು. ಇದನ್ನು ಮಾತ್ರ ಸರಿ ಅನ್ನಲಾರೆ. ಇಲ್ಲದ್ದನ್ನು ತೋರಿಸಿ ಮಾರಬಾರದು.

ಈ ಅವಧಿಯಲ್ಲಿ ಮೆಚ್ಚಿದ್ದು ಒಂದಿದೆ, ಅದೂ ಮೆಂಬರ್‌ಶಿಪ್ ವಿಡಿಯೊದಲ್ಲೇ ಬಂತು. ಸಹಾಯಕ ಕೋಚ್ ಸಂದರ್ಶನ. ನೀವು ಕಾಯಂ ಆಗಬೇಕು ಅಂತ ಇದೆಯಾ ಅಂತ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಈ ಕೆಲಸಕ್ಕೆ ಒಪ್ಪಂದ ಇರುವವರು ಒಬ್ಬರಿದ್ದಾರೆ, ನಾನು ಶನಿವಾರದ ಪಂದ್ಯ ನೋಡಿಕೊಳ್ಳುತ್ತೇನೆ ಅಂದರು. ಮ್ಯಾನೇಜರ್ ಹೆಸರು ಎತ್ತಲಿಲ್ಲ, ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಇಡೀ ಕ್ಲಬ್‌ನಲ್ಲಿ ಒಪ್ಪಂದ ಇನ್ನೂ ಇದೆ ಅನ್ನುವುದನ್ನು ನಮಗೆ ನೇರವಾಗಿ ಹೇಳಿದವರು ಅವರೊಬ್ಬರೇ. ಆ ಸಂದರ್ಶನಕ್ಕೇ ಒಂದು ಸ್ಟಾರ್ ಕೊಟ್ಟಿದ್ದೇನೆ, ಇನ್ನೊಂದು ಟಿಕೆಟ್ ವ್ಯವಸ್ಥೆಗೆ.

ಇಂಥ ಮಧ್ಯಂತರ ಎಷ್ಟು ಕಾಲ ಎಳೆಯಬಹುದು ಅನ್ನುವುದನ್ನೂ ಹೊಸಬರು ಗಮನದಲ್ಲಿಡಿ. ವೇಲ್ಸ್ ರಾಷ್ಟ್ರೀಯ ತಂಡದ ಮ್ಯಾನೇಜರ್ ರಯಾನ್ ಗಿಗ್ಸ್ ತಮ್ಮ ಮೇಲೆ ಆರೋಪ ಬಂದು 2020ರ ನವೆಂಬರ್‌ನಿಂದ ಕೆಲಸದಿಂದ ದೂರ ಇದ್ದರು, ರಾಬ್ ಪೇಜ್ ತಾತ್ಕಾಲಿಕವಾಗಿ ತಂಡ ನೋಡಿಕೊಂಡರು. ಆ ತಾತ್ಕಾಲಿಕದಲ್ಲೇ ಯೂರೊ ಟೂರ್ನಿ ಮುಗಿಯಿತು, 1958ರ ನಂತರ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆಯೂ ಸಿಕ್ಕಿತು. ಗಿಗ್ಸ್ ಹುದ್ದೆ ಬಿಟ್ಟಿದ್ದು 2022ರ ಜೂನ್‌ನಲ್ಲಿ. ಅವರ ಮೇಲಿನ ಆರೋಪಗಳನ್ನು ಕೈಬಿಟ್ಟಿದ್ದು 2023ರಲ್ಲಿ, ಅಷ್ಟರಲ್ಲಿ ಆ ಹುದ್ದೆ ಇನ್ನೊಬ್ಬರದಾಗಿತ್ತು. ಅಂದರೆ ಮುಂದಿನ ತಿಂಗಳು ಸರಿಹೋಗುತ್ತದೆ ಅಂದುಕೊಂಡು ಮೇಲಿನ ಪ್ಲಾನ್ ತೆಗೆದುಕೊಳ್ಳಬೇಡಿ.

ತೆಗೆದುಕೊಳ್ಳುವವರಿಗೆ ಕೆಲವು ಮಾತು. ಪಂದ್ಯಕ್ಕೆ ಹೋಗುವವರಾದರೆ ಕೆಳಗಿನ ಪ್ಲಾನ್ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಚೆನ್ನಾಗಿದೆ. ಮೇಲಿನದನ್ನು ಈಗ ಬಿಡಿ. ಆಗಲೇ ಇರುವವರು ತಾನಾಗಿ ನವೀಕರಣ ಆಗುವುದನ್ನು ಆಫ್ ಮಾಡಿಡಿ. ಆ ಬಟನ್ ಮೆಂಬರ್‌ಶಿಪ್ ಪುಟದಲ್ಲಿಲ್ಲ, ಪಾವತಿ ವಿವರದ ಒಳಗೆ ಕಾರ್ಡ್ ಸಂಖ್ಯೆಯ ಕೆಳಗಿದೆ. ಸಭೆಗೆ ಪ್ರಶ್ನೆ ಕಳಿಸುವ ಮುನ್ನ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಮ್ಮ ಹೆಸರಿನಲ್ಲಿ ಬೇರೆ ಪ್ರಶ್ನೆ ಓದಿದರೆ ಅದನ್ನು ಲಗತ್ತಿಸಿ ಅದೇ ದಿನ ಇಮೇಲ್ ಮಾಡಿ. ನಾವು ಕೆಲವರು ಹಾಗೆ ಮಾಡಿದ್ದೇವೆ, ಮುಂದಿನ ಸಭೆಯಲ್ಲಿ ಪ್ರಶ್ನೆಗಳನ್ನು ಕಳಿಸಿದ ಹಾಗೇ ಓದುತ್ತೇವೆ ಅಂತ ಬರಹದಲ್ಲಿ ಉತ್ತರ ಬಂದಿದೆ. ನಾನು ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿದ್ದೇನೆ.